ಒಂಟಿ ಕಿವಿಯ ರೇಡಿಯೋ

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಕೇಳಕ್ಕೆ ತಾನೇ ರೇಡಿಯೋ ತಗೋತಿರೋದು? ಇಲ್ಲಾ, ಎಲ್ಲಾದ್ರೂ ಕನ್ನ ಹಾಕೋ ಪ್ಲಾನ್ ಇದೆಯಾ?"

ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಾತ ಹೀಗೆ ಕೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬರುವುದಕ್ಕೂ ಹಿಂದಿನ ರಾತ್ರಿ ಒಂದಿಷ್ಟು ನಿದ್ದೆ ಆಗಿರಬೇಕು.

ಆತನ ತಪ್ಪೇನೂ ಇಲ್ಲ. ನಾನು ಇಟ್ಟ ಷರತ್ತುಗಳೇ ಹಾಗಿದ್ದವು. ಅಂಗೈಯಗಲದ ರೇಡಿಯೋ ಬೇಕು. ಆನ್ ಮಾಡಿದರೆ ದೀಪ ಉರಿಯಬಾರದು. ಆಫ್ ಮಾಡಿದರೆ ಸದ್ದಾಗಬಾರದು. ಇಯರ್‌ಫೋನು ಒಂದೇ ಕಿವಿಯದ್ದಾಗಿರಬೇಕು.

"ಎರಡು ಕಿವೀದೇ ತಗೊಳ್ಳಿ ಸಾರ್. ಸ್ಟೀರಿಯೋ. ಸಖತ್ತಾಗಿ ಕೇಳ್ಸತ್ತೆ."

"ಬೇಡಪ್ಪ. ಇನ್ನೊಂದು ಕಿವಿ ಖಾಲಿ ಇರ್ಬೇಕು."

"ಯಾಕ್ ಸಾರ್?"

"ಗೇಟಿಗೆ."

ಕನ್ನದ ಮಾತು ಬಂದದ್ದು ಆಗಲೇ.

ಇಷ್ಟು ವರ್ಷಗಳಿಂದ ಈ ಅಂಕಣ ಓದುತ್ತಿರುವ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ಕಳೆದ ತಿಂಗಳು ಓದುಗರೊಬ್ಬರು ಪತ್ರ ಬರೆದು, ನನ್ನ ಲೇಖನದಲ್ಲಿ ಒಂದೇ ವಾಕ್ಯ ಎರಡು ಸಲ ಬಂದಿದೆ, ಇದು ಹೊಸ ಶೈಲಿಯೇ ಎಂದು ಕೇಳಿದ್ದರು. ಶೈಲಿಯಲ್ಲ ಸ್ವಾಮಿ, ತೂಕಡಿಕೆ. ನಮ್ಮ ಪಿಯು ಕಾಲೇಜಿನ ಟೆಸ್ಟಿನಲ್ಲಿ ಮೇಲ್ವಿಚಾರಣೆಗೆ ಕೂತವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೇನೆ. ಹುಡುಗರು ನನ್ನ ಮೇಲಿನ ಗೌರವದಿಂದ ಎಷ್ಟು ನಿಶ್ಶಬ್ದವಾಗಿ ಕಾಪಿ ಮಾಡಿದರೆಂದರೆ, ಬೆಲ್ ಹೊಡೆದ ಮೇಲೆ ಅವರೇ ನನ್ನನ್ನು ಎಬ್ಬಿಸಿದರು.

ಕಾರಣ ನನ್ನ ಮಗಳು. ಮನೆಯಲ್ಲಿ ರಶ್ಮಿ. ಆಫೀಸಿನಲ್ಲಿ ರೇಚಲ್. (ಅಲ್ಲಿ ಎಲ್ಲರಿಗೂ ಎರಡನೇ ನಾಮಕರಣ ಮಾಡುತ್ತಾರೆ. ತೊಟ್ಟಿಲೊಂದಿಲ್ಲ, ಅಷ್ಟೇ.) ಕಾಲ್ ಸೆಂಟರ್ ಕೆಲಸ. ನಮ್ಮ ಪದ್ಮನಾಭನಗರದಲ್ಲಿ ಜನ ಸಂಜೆಯ ವಾಕಿಂಗ್ ಮುಗಿಸಿ ಬರುವಾಗ ಅವಳು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾಳೆ. ವಾಪಸು ಬರುವುದು ಮೂರು, ಮೂರೂಕಾಲಕ್ಕೆ. ಬೆಳಗಿನ ಜಾವ. ಕ್ಯಾಬು ಪುಟ್ಟೇನಹಳ್ಳಿಯ ಹುಡುಗಿಯನ್ನು ಇಳಿಸಿ, ಜೆ.ಪಿ. ನಗರದ ಇಬ್ಬರನ್ನು ಇಳಿಸಿ, ಕೊನೆಗೆ ನಮ್ಮ ಮನೆಗೆ ಬರುತ್ತದೆ. ಕೊನೆಗೆ ಇಳಿಯುವವಳು ನನ್ನ ಮಗಳು. ಜೆ.ಪಿ. ನಗರದಿಂದ ನಮ್ಮ ಮನೆಯವರೆಗಿನ ಆ ಹತ್ತು ನಿಮಿಷ ಕ್ಯಾಬಿನಲ್ಲಿ ಅವಳು ಮತ್ತು ಡ್ರೈವರು, ಇಬ್ಬರೇ. ಡ್ರೈವರು ಒಳ್ಳೆಯವನೇ ಇರಬಹುದು. ನನಗೆ ಭಯ. ಅದಕ್ಕೆ ಕಾರಣ ಬೇಕಿಲ್ಲ.

ಶುರುವಿನಲ್ಲಿ ನಾನು ರಾಜಾರೋಷವಾಗಿ ಕಾಯುತ್ತಿದ್ದೆ. ಹಾಲ್‌ನಲ್ಲಿ ಲೈಟ್ ಹಾಕಿ, ಪೇಪರ್ ಹಿಡಿದು, ಗೇಟು ಸದ್ದಾದ ಕೂಡಲೇ ಹೋಗಿ ಬಾಗಿಲು ತೆಗೆದು. ಹದಿನೈದು ದಿನ ನೋಡಿದಳು. ಒಂದು ಭಾನುವಾರ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಅಪ್ಪ, ನೀನು ಇಲ್ಲಿ ಕಣ್ಣು ಕೆಂಪಗೆ ಮಾಡ್ಕೊಂಡು ಕೂತಿರ್ತೀಯ ಅಂತ ನೆನಪಾದ್ರೆ ನಂಗೆ ಅಲ್ಲಿ ಕಾಲ್ ತಗೊಳಕ್ಕೇ ಆಗಲ್ಲ. ನಿಂಗೆ ಬಿಪಿ ಬೇರೆ ಇದೆ. ನನ್ ಹತ್ರ ಕೀ ಇದೆ, ನಾನೇ ತೆಕ್ಕೊಂಡು ಬರ್ತೀನಿ. ನೀವಿಬ್ರೂ ಮಲ್ಕೊಳ್ಳಿ. ಇಲ್ಲಾಂದ್ರೆ ನಾನು ಬಿಟಿಎಂನಲ್ಲಿ ಪಿ.ಜಿ. ನೋಡ್ಕೋತೀನಿ. ಆಫೀಸಿಗೂ ಹತ್ರ."

ಅವಳು ತಮಾಷೆಗೆ ಹೇಳಿದ್ದಲ್ಲ. ಜೊತೆಯ ಹುಡುಗಿಯೊಬ್ಬಳು ಆಗಲೇ ಹಾಗೆ ಪಿ.ಜಿ. ಸೇರಿದ್ದಳು. ನಾನು ಆಣೆ ಮಾಡುವುದೊಂದು ಬಾಕಿ. "ಇಲ್ಲಮ್ಮ, ಮಲ್ಕೋತೀನಿ" ಎಂದೆ.

ಮಲಗಿದೆ. ನಿದ್ದೆ ಬರಬೇಕಲ್ಲ?

ಸೊಂಟ ನೋವು, ಮಂಚ ಆಗುವುದಿಲ್ಲ ಎಂದು ಸುಳ್ಳು ಹೇಳಿ ಹಾಲ್‌ನ ದಿವಾನಕ್ಕೆ ವಾಸ್ತವ್ಯ ಬದಲಾಯಿಸಿದೆ. ಕತ್ತಲಲ್ಲಿ ಸುಮ್ಮನೆ ಬಿದ್ದುಕೊಂಡರೆ ತಲೆಯೊಳಗೆ ಏನೇನೋ ಆ್ಯಕ್ಸಿಡೆಂಟುಗಳು. ಟಿವಿ ಹಾಕಿ ವಾಲ್ಯೂಮ್ ಪೂರ್ತಿ ಇಳಿಸಿ ನೋಡಿದೆ. ಅದರ ನೀಲಿ ಬೆಳಕು ಕಿಟಕಿಯಿಂದ ರಸ್ತೆಗೆ ಬೀಳುತ್ತದಂತೆ. "ನಿನ್ನೆ ಟಿವಿ ಆನ್ ಇತ್ತಾ?" ಎಂದು ಮಗಳು ಬೆಳಗ್ಗೆ ಕಾಫಿ ಹೀರುತ್ತಾ ಕೇಳಿದಳು. "ನಿಮ್ಮಮ್ಮ ಮರ್ತಿರ್ಬೇಕು" ಎಂದೆ. ಹೆಂಡತಿ ನನ್ನನ್ನು ಒಮ್ಮೆ ನೋಡಿ ದೋಸೆ ಮಗುಚಿದಳು.

ಹೀಗಾಗಿ ರೇಡಿಯೋ. ಬೆಳಕಿಲ್ಲದ, ಸದ್ದಿಲ್ಲದ, ಒಂದು ಕಿವಿಯನ್ನು ಗೇಟಿಗೆ ಬಿಟ್ಟುಕೊಡುವ ರೇಡಿಯೋ.

ಅಂಗಡಿಯಾತ ಆರೇಳು ಸೆಟ್ ತೆಗೆದಿಟ್ಟ. ಬಟನ್ ಒತ್ತಿದರೆ ತಾನೇ ಸ್ಟೇಷನ್ ಹುಡುಕುವಂಥದ್ದು, ಗಡಿಯಾರ ಹೊಳೆಯುವಂಥದ್ದು, ಟಾರ್ಚೂ ಇರುವಂಥದ್ದು. (ಟಾರ್ಚ್! ನನ್ನ ಕಥೆ ಮುಗಿದಂತೆಯೇ.) ಕೊನೆಗೆ ಒಂದು ಕಪ್ಪು ಸೆಟ್ ಆರಿಸಿದೆ. ಅದಕ್ಕೂ ಸಾಸಿವೆ ಕಾಳಿನಷ್ಟು ಕೆಂಪು ದೀಪವಿತ್ತು. ಆಫ್ ಮಾಡಿದರೆ "ಟಕ್" ಅನ್ನುತ್ತಿತ್ತು. ಒಂಟಿ ಕಿವಿಯ ಇಯರ್‌ಫೋನು ಮಾತ್ರ ಯಾವುದೋ ಡ್ರಾಯರಿನ ತಳದಲ್ಲಿ ಸಿಕ್ಕಿತು. ಅಳತೆಯದ್ದು ಬಿಟ್ಟರೆ ಮೂರು ಷರತ್ತಿನಲ್ಲಿ ಒಂದು ಪೂರೈಸಿತು. ಈ ವಯಸ್ಸಿನಲ್ಲಿ ಅಷ್ಟು ಸಿಕ್ಕರೆ ಸಾಕು ಎಂದು ದುಡ್ಡು ಕೊಟ್ಟೆ.

ಅವನೇ ಎರಡು ಪೆನ್ಸಿಲ್ ಸೆಲ್ ಹಾಕಿಕೊಟ್ಟ. "ರಾತ್ರಿ ಪೂರಾ ಹಾಕಿದ್ರೆ ಹದಿನೈದು ದಿನ ಬಂದ್ರೆ ಹೆಚ್ಚು ಸಾರ್" ಎಂದು ಎಚ್ಚರಿಸಿದ.

ಕೆಂಪು ದೀಪಕ್ಕೆ ಮದ್ದು ಮನೆಯಲ್ಲೇ ಇತ್ತು. ಹೆಂಡತಿಯ ಹತ್ತಿರ ಒಂದು ಕಪ್ಪು ಸ್ಟಿಕ್ಕರ್ ಬೊಟ್ಟು ಕೇಳಿದೆ. ಐವತ್ತು ದಾಟಿದ ಗಂಡ ಬೊಟ್ಟು ಕೇಳಿದರೆ ಯಾವ ಹೆಂಡತಿಯಾದರೂ ಯಾಕೆ ಎನ್ನಬೇಕು. ಇವಳು ಅನ್ನಲಿಲ್ಲ. ದೊಡ್ಡದೊಂದು ಆರಿಸಿ ಕೊಟ್ಟಳು. ದೀಪದ ಮೇಲೆ ಅಂಟಿಸಿದೆ. ರೇಡಿಯೋಗೆ ಮುತ್ತೈದೆಯ ಕಳೆ ಬಂತು.

ಇನ್ನು "ಟಕ್". ಅದಕ್ಕೆ ಪರಿಹಾರವಿರಲಿಲ್ಲ. ಹಾಗಾಗಿ ಆಫ್ ಮಾಡುವುದನ್ನೇ ಬಿಟ್ಟೆ. ಕ್ಯಾಬಿನ ಸದ್ದು ಕ್ರಾಸಿನ ತಿರುವಿನಲ್ಲಿ ಕೇಳಿದ ಕೂಡಲೇ ವಾಲ್ಯೂಮ್ ತಗ್ಗಿಸಿ, ಕಿವಿಯದ್ದನ್ನು ಕಿತ್ತು, ಸೆಟ್ಟನ್ನು ದಿವಾನದ ಕೆಳಗೆ ತಳ್ಳಿ, ಗೋಡೆ ಕಡೆ ತಿರುಗಿ ಗೊರಕೆ ಶುರು ಮಾಡುತ್ತಿದ್ದೆ. ಗೇಟು ಕಿರ್ರೆನ್ನುತ್ತಿತ್ತು. ಬೀಗ ತೆರೆಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವ ಸದ್ದು. ಆಮೇಲೆ ಅವಳ ರೂಮಿನ ಬಾಗಿಲು. ಅಬ್ಬಾ, ಎಂದುಕೊಳ್ಳುವಷ್ಟರಲ್ಲಿ ನಿಜವಾದ ನಿದ್ದೆ ಬಂದು ಕವಿಯುತ್ತಿತ್ತು. ಆರಕ್ಕೆ ಹಾಲಿನವನು ಎಬ್ಬಿಸುವವರೆಗೆ ಮಾತ್ರ.

"ಚೆನ್ನಾಗಿ ನಿದ್ದೆ ಬಂತಾ ಅಪ್ಪ?"

"ಸಖತ್."

ಏನು ಕೇಳುತ್ತಿದ್ದೆ ಎಂದಿರಾ? ಹನ್ನೊಂದರ ಹೊತ್ತಿಗೆ ಮೀಡಿಯಂ ವೇವ್‌ನ ಕನ್ನಡ ಮುಗಿಯುತ್ತದೆ. ಆಮೇಲೆ ಅಲ್ಲಿ ಯಾವ್ಯಾವುದೋ ಊರಿನ, ಯಾವ್ಯಾವುದೋ ಭಾಷೆಯ ಸ್ಟೇಷನ್ನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಎಫ್‌ಎಂನಲ್ಲಿ ಒಬ್ಬ ಹುಡುಗಿ "ಯಾರ್ಯಾರು ಇನ್ನೂ ಎದ್ದಿದ್ದೀರಾ?" ಎಂದು ದಿನಾ ಕೇಳುತ್ತಾಳೆ. ಪ್ರೇಮಿಗಳು ಫೋನ್ ಮಾಡುತ್ತಾರೆ, ಹಾಸ್ಟೆಲ್ ಹುಡುಗರು ಮಾಡುತ್ತಾರೆ. ಅಪ್ಪಂದಿರು ಯಾರೂ ಮಾಡುವುದಿಲ್ಲ. ನಮ್ಮ ಕ್ರಾಸ್ ಒಂದರಲ್ಲೇ ಮೂರು ಮನೆಗೆ ರಾತ್ರಿ ಕ್ಯಾಬ್ ಬರುತ್ತದೆ. ಮೂರರಲ್ಲೂ ದೀಪ ಆರಿರುತ್ತದೆ. ದೀಪ ಆರಿದ ಮನೆಗಳೆಲ್ಲ ನಿದ್ದೆ ಮಾಡುತ್ತಿವೆ ಎಂದು ನಿಮಗೆ ಯಾರು ಹೇಳಿದರು?

ನನ್ನಪ್ಪ ಹೀಗೆ ಕದ್ದು ಕಾದವರಲ್ಲ. ನಾನು ಸೆಕೆಂಡ್ ಶೋ ಮುಗಿಸಿ ಬಂದರೆ ಗೇಟಿನಲ್ಲೇ ಟಾರ್ಚ್ ಹಿಡಿದು ನಿಂತಿರುತ್ತಿದ್ದರು. ಮೊದಲು ಮುಖಕ್ಕೆ ಟಾರ್ಚು, ಆಮೇಲೆ ಬೈಗುಳ, ಆಮೇಲೆ "ಊಟ ಮಾಡು ಹೋಗು." ಕಾಯುವುದು ಅವರ ಹಕ್ಕಾಗಿತ್ತು. ನನ್ನ ಕಾಲಕ್ಕೆ ಅದು ಕಳ್ಳ ಕೆಲಸವಾಗಿದೆ.

ಹೀಗೆ ಎರಡು ತಿಂಗಳು ಕಳೆಯಿತು. ದಣಿವು ಮೂಳೆಗೆ ಇಳಿದಿತ್ತು. ರೇಡಿಯೋ ಮಾತ್ರ ದಣಿಯಲಿಲ್ಲ. ಬೆಳಗ್ಗೆ ನೋಡಿದರೆ ಆಫ್ ಆಗಿರುತ್ತಿತ್ತು. ನಿದ್ದೆಗಣ್ಣಿನಲ್ಲಿ ನಾನೇ ಮಾಡಿರಬೇಕು ಎಂದುಕೊಂಡೆ. ಸೆಲ್ಲುಗಳೂ ಹಾಗೇ ನಡೆಯುತ್ತಿದ್ದವು. ಹದಿನೈದು ದಿನ ಎಂದಿದ್ದನಲ್ಲ ಆ ಅಂಗಡಿಯಾತ, ಮಾಲಿನ ಬೆಲೆ ತಿಳಿಯದವನು ಎಂದು ಒಳಗೊಳಗೇ ನಕ್ಕೆ.

ಕಳೆದ ಶನಿವಾರ ವಾಲ್ಯೂಮ್ ತಿರುಗಿಸುವಾಗ ಕರಕರ ಶುರುವಾಯಿತು. ಅಂಗಡಿಗೆ ಒಯ್ದೆ. ಹೊಗಳಿಯೇಬಿಡೋಣ ಎಂದು, "ನಿನ್ನ ಸೆಲ್ಲು ಎರಡು ತಿಂಗಳಿಂದ ಓಡ್ತಿದೆಯಪ್ಪ" ಎಂದೆ.

"ಚಾನ್ಸೇ ಇಲ್ಲ ಸಾರ್."

"ಸುಳ್ಳು ಹೇಳ್ತೀನಾ? ನಾನು ಹಿಂದಿನ ಮುಚ್ಚಳಾನೇ ತೆಗೆದಿಲ್ಲ."

ಅವನು ಮುಚ್ಚಳ ತೆಗೆದ. ಸೆಟ್ಟನ್ನು ನನ್ನ ಕಡೆ ತಿರುಗಿಸಿದ.

"ಸಾರ್, ನಾನು ಹಾಕಿದ್ದು ನೀಲಿ ಸೆಲ್ಲು. ಇವು ಕೆಂಪು. ಇನ್ನೂ ಹೊಚ್ಚ ಹೊಸದು. ಯಾರೋ ಬದಲಾಯಿಸ್ತಾ ಇದ್ದಾರೆ."

ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ರೇಡಿಯೋ ಕೈಯಲ್ಲೇ ಹಿಡಿದು ಕೂತಿದ್ದೆ. ಮಗಳು ರೂಮಿನಲ್ಲಿ ಮಲಗಿದ್ದಳು. ಹೆಂಡತಿ ಹಿಂದಿನ ವರಾಂಡದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ದನಿ ತಗ್ಗಿಸಿ ಕೇಳಿದೆ: "ಇದಕ್ಕೆ ಸೆಲ್ ನೀನು ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ? ಅವಳ ಬ್ಯಾಗಲ್ಲಿ ಇರತ್ತೆ ನೋಡಿ, ಕೆಂಪು ಪ್ಯಾಕೆಟ್ಟು. ರೂಮಿಗೆ ಹೋಗಿ ಬ್ಯಾಗಿಟ್ಟು, ಆಮೇಲೆ ಮೆಲ್ಲಗೆ ವಾಪಸ್ ಬಂದು ನಿಮ್ಮ ಪಕ್ಕ ಕೂತು ಅದನ್ನ ಆಫ್ ಮಾಡಿ ಹೋಗ್ತಾಳೆ. ನೀವು ಅಷ್ಟರಲ್ಲಿ ಗಡದ್ದಾಗಿ ನಿದ್ದೆ ಹೋಗಿರ್ತೀರಿ."

"ನಿಂಗೆ ಹೇಗೆ ಗೊತ್ತು?"

ಹೆಂಡತಿ ಕಡ್ಡಿ ಎಸೆದು ನನ್ನ ಮುಖ ನೋಡಿದಳು.

"ಏನ್ರೀ, ಮಗಳು ನಿಮಗೊಬ್ರಿಗೇನಾ? ಅವಳ ರೂಮಿನ ಬಾಗಿಲು ಹಾಕ್ಕೊಳ್ಳೋ ತನಕ ನಾನೇನು ನಿದ್ದೆ ಮಾಡ್ತಿದ್ದೆ ಅಂದ್ಕೊಂಡ್ರಾ? ನಿಮಗಾದ್ರೂ ರೇಡಿಯೋ ಇತ್ತು."

ಎರಡು ತಿಂಗಳಲ್ಲಿ ಒಂದು ದಿನವೂ ಅವಳಿಗೆ ನಿದ್ದೆ ಬಂತೇ ಎಂದು ನಾನು ಕೇಳಿರಲಿಲ್ಲ. ಅವಳ ಬೊಟ್ಟು ಮಾತ್ರ ಕೇಳಿ ಇಸಿದುಕೊಂಡಿದ್ದೆ. ನಾಚಿಕೆಯಾಯಿತು.

"ಆಮೇಲೆ ಇನ್ನೊಂದು," ಎಂದಳು, ಮತ್ತೆ ಸೊಪ್ಪಿಗೆ ಕೈ ಹಾಕುತ್ತಾ. "ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ನೀವು ಒಂದು ದಿನಾನೂ ಗೊರಕೆ ಹೊಡೆದೋರಲ್ಲ. ಅದು ನಂಗೂ ಗೊತ್ತು, ಅವಳಿಗೂ ಗೊತ್ತು."

"ಮತ್ತೆ ಅವಳು ಯಾಕೆ ಸುಮ್ನಿದ್ಲು? ಪಿ.ಜಿ. ಸೇರ್ತೀನಿ ಅಂದಿದ್ಲಲ್ಲ?"

"ಕೇಳಿ ನೋಡಿ, ಧೈರ್ಯ ಇದ್ರೆ."

ಧೈರ್ಯವಿಲ್ಲ. ಕೇಳಿದರೆ ವಿಷಯ ಬಾಯಿಗೆ ಬರುತ್ತದೆ. ಬಾಯಿಗೆ ಬಂದರೆ ಆಡಿದ ಮಾತಿನಂತೆ ಅವಳು ನಡೆಯಬೇಕಾಗುತ್ತದೆ. ಮಾತಿಗೆ ತಪ್ಪದ ಹುಡುಗಿ, ನನ್ನ ಹಾಗಲ್ಲ. ಈ ಅಂಕಣವನ್ನು ಅವಳು ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ಇಷ್ಟು ಬರೆದಿದ್ದೇನೆ. (ನಮ್ಮ ಮನೆಯಲ್ಲಿ ಇಂಥ ನಂಬಿಕೆಗಳ ಗತಿ ಏನಾಗುತ್ತದೆ ಎಂದು ಈಗಷ್ಟೇ ಓದಿದಿರಿ.)

ಶನಿವಾರ, ಭಾನುವಾರ ಅವಳಿಗೆ ರಜ. ಸೋಮವಾರ ರಾತ್ರಿ ಮತ್ತೆ ಕ್ಯಾಬು ಬಂತು. ನಾನು ಗೋಡೆಗೆ ತಿರುಗಿ ಯಥಾಪ್ರಕಾರ ಶುರುಮಾಡಿದೆ. ರೂಮಿನ ಬಾಗಿಲು ಸದ್ದಾದ ಮೇಲೂ ಈ ಸಲ ನಿದ್ದೆ ತಡೆದುಕೊಂಡೆ. ಬರಿಗಾಲಿನ ಸದ್ದು ಮತ್ತೆ ಬಂದು ದಿವಾನದ ಹತ್ತಿರ ನಿಂತಿತು. ಕೈಯೊಂದು ಕೆಳಗೆ ತಡಕಾಡಿತು. ಟಕ್. ಹೊದಿಕೆ ನನ್ನ ಹೆಗಲವರೆಗೆ ಬಂತು. ಕಣ್ಣು ಒದ್ದೆಯಾಯಿತು. ಆದರೂ ಗೊರಕೆ ನಿಲ್ಲಿಸಲಿಲ್ಲ.

ಪಿ.ಜಿ. ಸೇರುತ್ತೇನೆ ಎಂದವಳು ಸೆಲ್ಲು ತಂದು ಹಾಕುತ್ತಿದ್ದಾಳೆ. ಹೆಂಡತಿ ಒಳಗೆ ಎದ್ದೇ ಇದ್ದಾಳೆ. ಮೂವರಿಗೂ ಎಲ್ಲವೂ ಗೊತ್ತಿದೆ.

ನೀವೇ ಹೇಳಿ, ಇವತ್ತು ರಾತ್ರಿಯೂ ನಾನು ಗೊರಕೆ ಹೊಡೆಯಲೇಬೇಕೇ?