ಸ್ಪಿರಿಟ್ ಬಾಟ್ಲಿಯ ಏಡಿ

ಮೊನ್ನೆ ರಕ್ತ ತೆಗೆಯಲು ಬಂದ ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಏಡಿ ಮೇಷ್ಟ್ರ ನೆನಪು ಬಂತು.

ಮೇಷ್ಟ್ರೇನೂ ಅಲ್ಲ. ಮೈಸೂರು ಕಡೆಯ ಹುಡುಗ, ಯೂನಿವರ್ಸಿಟಿಯಲ್ಲಿ ಏಡಿಗಳ ಮೇಲೆ ರಿಸರ್ಚ್ ಮಾಡುತ್ತಿದ್ದ. ಮರೀನಾ ಸಮುದ್ರದಂಡೆಯ ಹತ್ತಿರ, ತ್ರಿಪ್ಲಿಕೇನಿನ ನಮ್ಮ ಹೋಟೆಲಿನಲ್ಲಿ ಅವನ ಊಟ. ಆ ಹೆಸರಿಟ್ಟವರು ನಮ್ಮ ಸಪ್ಲೈಯರುಗಳು. ಸತ್ತ ಏಡಿಗಳ ಚೀಲವನ್ನು ಹೊರಗಿಟ್ಟೇ ಒಳಗೆ ಬರಬೇಕೆಂದು ಯಜಮಾನರು ಕಟ್ಟು ಮಾಡಿದ್ದರು. ಒಂದು ದಿನ ಮಾತ್ರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ. ಇಂಥ ಏಡಿಯನ್ನು ಇದುವರೆಗೆ ಯಾರೂ ಗುರುತಿಸಿಲ್ಲ, ಒಂದೇ ಸಿಕ್ಕಿದೆ, ಕಚ್ಚುವ ಮುಂಗಾಲಿನ ಕೊಂಬಿನೊಳಗಿನ ಗೀರುಗಳೇ ಅದಕ್ಕೆ ಸಾಕ್ಷಿ ಎಂದ. ನನಗೆ ಎಲ್ಲ ಏಡಿಯೂ ಒಂದೇ. ಹುಳಿ ಬಡಿಸಿದೆ.

ಅದು ಮದ್ಯ ನಿಷೇಧದ ಕಾಲ. ಪಕ್ಕದಲ್ಲಿ ಉಣ್ಣುತ್ತಿದ್ದ ಪೊಲೀಸಿನವನು ಮೂಗು ಅರಳಿಸಿ ಚೀಲಕ್ಕೆ ಕೈ ಹಾಕಿದ. ಏಡಿ ಕೆಡದಂತೆ ಮುಳುಗಿಸಿಟ್ಟಿದ್ದ ಸ್ಪಿರಿಟ್ ಬಾಟ್ಲಿ ಹೊರಬಂತು. ಅಯ್ಯರ್ ಹೋಟೆಲಿನಲ್ಲಿ ಸಾರಾಯಿ ವ್ಯಾಪಾರವಾ ಎಂದು ತಮಿಳಿನಲ್ಲಿ ಕೇಳಿ ನಕ್ಕ.

ಯಜಮಾನರು ಒಲೆಯ ಬಳಿಯಿಂದ ಸೌದೆ ಎತ್ತಿಕೊಂಡು ಬಂದರು. "ನಮ್ಮ ಅನ್ನ ತಿಂದು ನಮ್ಮ ಹೋಟ್ಲೇ ಮುಚ್ಚುಸ್ತ್ಯಾ?"

ಮೊದಲ ಏಟು ಹುಡುಗನ ಕಿವಿಗೆ. ಎರಡನೆಯದು ಬಾಯಿಗೆ. ಹಲ್ಲು ಎಲೆಗೆ ಬಿತ್ತು, ಅನ್ನ ಕೆಂಪಾಯಿತು. ಅವನು ಮುಖಕ್ಕೆ ಕೈ ಅಡ್ಡ ತರಲಿಲ್ಲ, ಪೊಲೀಸಿನವನಿಂದ ಬಾಟ್ಲಿ ಕಿತ್ತುಕೊಂಡು ತಬ್ಬಿಕೊಂಡ. ಮೂರನೆಯ ಏಟಿಗೆ ಅದು ಒಡೆದು ಏಡಿ ನೆಲಕ್ಕೆ ಬಿತ್ತು.

"ತುಳೀಬೇಡಿ," ಎಂದ. ಹಾಗೆಂದಿದ್ದಕ್ಕೇ ಯಜಮಾನರು ತುಳಿದರು. ಅವರ ಹಿಮ್ಮಡಿಗೂ ಗಾಜು ಹೊಕ್ಕಿತು.

ನಾನು ಹುಳಿಯ ಸೌಟಿನಿಂದಲೇ ಅವರ ಮಣಿಕಟ್ಟಿಗೆ ಬಾರಿಸಿದೆ. ಸೌದೆ ಕೆಳಗೆ ಬಿತ್ತು. ಗಂಡನಿಗೆ ನಾನು ಹೊಡೆದದ್ದು ಅದೊಂದೇ ಸಲ. ಮೊದಲನೆಯ ಏಟಿಗೇ ಹೊಡೆಯಬೇಕಿತ್ತು.

ಹುಡುಗ ಮಂಡಿಯೂರಿ ಗಾಜಿನ ನಡುವೆ ಏಡಿಯ ಚೂರುಗಳನ್ನು ಆರಿಸಿದ. ಬಾಯಿಂದ ರಕ್ತ ಸುರಿಯುತ್ತಿತ್ತು. "ಕೊಂಬು ಪುಡಿಯಾಯ್ತಮ್ಮ. ಇನ್ನು ನಾನು ಏನ್ ಹೇಳಿದ್ರೂ ಯಾರೂ ನಂಬಲ್ಲ."

ಪೊಲೀಸಿನವನು ಅವನ ಕಾಲರು ಹಿಡಿದು ಎಳೆದುಕೊಂಡು ಹೋದ. ಯೂನಿವರ್ಸಿಟಿಯವರು ಬಂದು ಬಿಡಿಸಿದರಂತೆ. ಏಟು ಬಿದ್ದ ಕಿವಿ ಮಾತ್ರ ಮತ್ತೆ ಕೇಳಿಸಲಿಲ್ಲವಂತೆ. ಅಂಥ ಇನ್ನೊಂದು ಏಡಿಗಾಗಿ ಮರಳು ಬಗೆದು ಬಗೆದು, ಸಿಗದೆ, ರಿಸರ್ಚ್ ಬಿಟ್ಟು ಊರಿಗೆ ಹೋದನಂತೆ... ಹೋಟೆಲಿಗೆ ಮತ್ತೆ ಬರಲಿಲ್ಲ. ಯಾಕೆ ಬರುತ್ತಾನೆ?

ಈಗ ಯಜಮಾನರೂ ಇಲ್ಲ, ಹೋಟೆಲೂ ಇಲ್ಲ. ಹೋದ ತಿಂಗಳು ಸೊಸೆ ಮರೀನಾಕ್ಕೆ ಕರೆದುಕೊಂಡು ಹೋಗಿದ್ದಳು. ನನ್ನ ಕಾಲಿನ ಹತ್ತಿರವೇ ಬಿಲದಿಂದ ಒಂದು ಏಡಿ ಬಂತು, ನಿಂತು ನೋಡಿತು, ಓಡಿತು. ಅಂಥದ್ದೇ ಇರಬಹುದು, ಅಲ್ಲದೆಯೂ ಇರಬಹುದು. ನೋಡಿ ಹೇಳಬಲ್ಲವನನ್ನು ನಾವು ಹೊಡೆದು ಓಡಿಸಿದ್ದೆವು.