ಆಸ್ಪತ್ರೆಗೆ ಒಯ್ದ ಉಪ್ಪಿನಕಾಯಿ

ನಾನು ಮೊದಲ ಸಲ ಉಪ್ಪಿನಕಾಯಿ ಹಾಕಿದ್ದು ನನ್ನ ಹೆಂಡತಿ ಏಳು ತಿಂಗಳ ಬಸುರಿಯಾಗಿದ್ದಾಗ. ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವಳಿಗೆ ತನ್ನ ಅವ್ವನ ಕೈಯ ಮಾವಿನ ಉಪ್ಪಿನಕಾಯಿ ತಿನ್ನುವ ಬಯಕೆ. ಅವ್ವ ತೀರಿಕೊಂಡು ವರ್ಷವಾಗಿತ್ತು. ಅಂಗಡಿಯಿಂದ ತಂದದ್ದನ್ನು ಮೂಸಿ ನೋಡಿ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದಳು.

ಆ ರುಚಿ ಗೊತ್ತಿದ್ದವರು ಕುರುಗೋಡಿನಲ್ಲಿದ್ದ ಅವಳ ಚಿಗವ್ವ, ಅವ್ವನ ತಂಗಿ, ಒಬ್ಬರೇ. ಆದರೆ ಅವರ ಮೈದುನ ತೀರಿಕೊಂಡು ಮನೆಯಲ್ಲಿ ಸೂತಕವಿತ್ತು. ಬಸುರಿ ಹೋಗಬಾರದೆಂದು ನಾನೊಬ್ಬನೇ ಹೋಗಿ ಮಾತಾಡಿಸಿದೆ. ಹೊರಡುವಾಗ ಅಳುಕುತ್ತಲೇ ಉಪ್ಪಿನಕಾಯಿಯ ಮಾತು ತೆಗೆದೆ.

"ಸೂತಕದಾಗ ನಾ ಮುಟ್ಟಂಗಿಲ್ರಿ ಅಳಿಯಂದ್ರ. ಬಸುರಿ ಬಯಕಿ ಕಾಯಿಸಬಾರ್ದು. ನೀವ ಹಾಕ್ರಿ, ನಾ ಹೇಳ್ತೀನಿ" ಎಂದರು.

ಕಟ್ಟೆಯ ಮೇಲೆ ಕೂತು ಉಪ್ಪು, ಖಾರದ ಪುಡಿ, ಸಾಸಿವೆ, ಮೆಂತೆ ಎಲ್ಲದರ ಅಳತೆಯನ್ನೂ ಹೇಳಿದರು. ಕೊನೆಗೆ ದನಿ ತಗ್ಗಿಸಿದರು.

"ಕಾಯಿ ಒರಸ್ರಿ, ಆರಸ್ರಿ, ಮತ್ತ ಒರಸ್ರಿ. ಒಂದ್ ಹನಿ ನೀರು ಬಿತ್ತಂದ್ರ ಜಾಡಿ ಪೂರಾ ಕೆಡತೈತಿ. ಕೆಟ್ಟಿದ್ದು ಬಸುರಿ ಹೊಟ್ಟಿಗೆ ಹೋಗಬಾರ್ದು ನೋಡ್ರಿ."

ಅವರು ಅದನ್ನು ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದ್ದಿರಬೇಕು. ನನಗೆ ಮಾತ್ರ ಬಸ್ಸು ಬಳ್ಳಾರಿ ತಲುಪುವವರೆಗೂ ಆ ಮಾತೊಂದೇ ಕಿವಿಯಲ್ಲಿತ್ತು.

ಅವ್ವನ ಜಾಡಿಯೇ ಬೇಕೆಂದು ಹೆಂಡತಿ ಹಟ ಹಿಡಿದಳು. ಮರುದಿನ ಅವಳ ತವರು ಸಿರುಗುಪ್ಪಕ್ಕೆ ಹೋದೆ. ಮಾವ ಅಟ್ಟದಿಂದ ಜಾಡಿ ಇಳಿಸಿ, ಧೂಳು ಒರೆಸಿ ನನ್ನ ಕೈಗಿಟ್ಟರು. ದಾರಿಯುದ್ದಕ್ಕೂ ಅದನ್ನು ಎರಡು ಮೊಣಕಾಲ ನಡುವೆ ಅವುಚಿಕೊಂಡು ಕೂತಿದ್ದೆ.

ಒಗ್ಗರಣೆಯ ಘಾಟಿಗೆ ಹೆಂಡತಿಗೆ ವಾಂತಿ ಬರುತ್ತಿದ್ದುದರಿಂದ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಪುಡಿ ಹಾರುತ್ತದೆಂದು ಫ್ಯಾನ್ ಆರಿಸಿದೆ. ಬಳ್ಳಾರಿಯ ಬೇಸಿಗೆ ಹೇಳಬೇಕೆ? ಕಾಯಿಸಿ ಆರಿಸಿದ ಶೇಂಗಾ ಎಣ್ಣೆ ಸುರಿದು ಹೋಳುಗಳನ್ನು ಕಲಸುತ್ತಿರುವಾಗ ಹಣೆಯ ಬೆವರು ಮೂಗಿನ ತುದಿಗೆ ಬಂತು. ತೋಳಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಬೋಗುಣಿಯೊಳಗೆ ಬಿತ್ತು. ಎಲ್ಲಿ ಬಿತ್ತೆಂದು ಹುಡುಕಿದರೆ ಆ ಕೆಂಪಿನಲ್ಲಿ ಏನು ಕಂಡೀತು!

"ಬೆವರು ಬಿತ್ತು" ಎಂದು ಒಳಗಿನಿಂದಲೇ ಕೂಗಿದೆ.

"ಬಿದ್ರ ಬೀಳ್ಲಿ ಬಿಡ್ರಿ. ಅದೂ ಉಪ್ಪ ಅಲ್ಲೇನು?" ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದವನೇ ಜಾಡಿಗೆ ಕಟ್ಟಿದ ಬಟ್ಟೆ ಬಿಚ್ಚಿ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಿದ್ದೆ. ಹೋಳು ಮೆತ್ತಗಾದ ಮೇಲೆ ಒಂದು ಭಾನುವಾರ ಬಡಿಸಿದೆ. ಬಿಸಿ ಅನ್ನಕ್ಕೆ ಕಲಸಿಕೊಂಡು ಕಣ್ಣುಮುಚ್ಚಿ ಉಂಡಳು. "ಅವ್ವಂದ ಥರ ಇಲ್ಲ. ಆದ್ರೂ ಚೊಲೊ ಐತಿ" ಎಂದಳು.

ಇಳಿಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುರಿದಳು.

"ಏನ್ರಿ, ಹೊಟ್ಟಿ ಕಲ್ಲಾದಂಗ ಆಗಾಕತ್ತೈತ್ರಿ..."

ಅಡುಗೆಮನೆಗೆ ಓಡಿ ಜಾಡಿಯನ್ನು ಮೂಸಿ ನೋಡಿದೆ. ಹುಳಿ ವಾಸನೆ ಬಂತು. ಮಾವಿನಕಾಯಿಯದೋ, ಕೆಟ್ಟದ್ದರದೋ ತಿಳಿಯಲಿಲ್ಲ. ಡಾಕ್ಟರಿಗೆ ತೋರಿಸಬೇಕೆನಿಸಿ ಒಂದಿಷ್ಟನ್ನು ಬಾಟಲಿಗೆ ತುಂಬಿಕೊಂಡೆ. ಆಟೋದಲ್ಲಿ ಅವಳು ನನ್ನ ಮೊಣಕೈ ಹಿಂಡುತ್ತಿದ್ದಳು. ಪ್ರತಿ ಗುಂಡಿಗೂ ಅವಳ ಬಾಯಿಂದ ಸಣ್ಣ ನರಳಿಕೆ. ನನ್ನ ಕೈಯಾರೆ ಹಾಕಿದ್ದು, ನನ್ನ ಕೈಯಾರೆ ಬಡಿಸಿದ್ದು. ಕೂಸಿಗೇನಾದರೂ ಆದರೆ ಇವಳ ಮುಖ ಹೇಗೆ ನೋಡಲಿ? ಕೂಸು ಅಲುಗುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಲೂ ಹೆದರಿಕೆ.

ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ನಾನು ಗೋಡೆಗೊರಗಿ ನಿಂತೆ. ಒಳಗಿನಿಂದ ಅವಳ ದನಿ ಕೇಳಿದರೂ ಭಯ, ಕೇಳದಿದ್ದರೆ ಇನ್ನೂ ಭಯ. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. ಅವರು ಏನಾದರೂ ಹೇಳುವ ಮೊದಲೇ ನಾನು ಬಾಟಲಿ ಮುಂದೆ ಹಿಡಿದೆ.

"ಇದನ್ನ ತಿಂದಾಳ್ರಿ ಮೇಡಂ. ನಾನ ಹಾಕಿದ್ದು. ಬೆವರು ಬಿದ್ದಿತ್ತು."

ಅವರು ಬಾಟಲಿಯನ್ನೂ ನನ್ನನ್ನೂ ನೋಡಿದರು.

"ಉಪ್ಪಿನಕಾಯಿಂದ ಅಲ್ರಿ ಇದು. ಈ ಬಿಸಿಲಾಗ ನೀರು ಸರಿಯಾಗಿ ಕುಡಿದಿಲ್ಲ ಅವ್ರು. ಅದಕ್ಕ ಹೊಟ್ಟಿ ಬಿಗಿಯಾಕತ್ತೈತಿ. ಡ್ರಿಪ್ ಹಾಕೀವಿ. ಕೂಸಿನ ಎದಿಬಡಿತ ಚೆನ್ನಾಗೈತಿ. ಆದ್ರ ನೋವು ನಿಲ್ಲೋತನ ಏನೂ ಹೇಳಾಕ ಆಗಲ್ಲ."

ನನ್ನನ್ನು ವಾರ್ಡಿನೊಳಗೆ ಬಿಟ್ಟರು. ಹೆಂಡತಿಯ ಪಕ್ಕದ ಮಂಚದಲ್ಲಿ ಬಾಣಂತಿ ಮಗಳನ್ನು ನೋಡಿಕೊಳ್ಳುತ್ತ ರಾರಾವಿ ಎಂಬ ಊರಿನ ಮುದುಕಿಯೊಬ್ಬರು ಕೂತಿದ್ದರು. ರೊಟ್ಟಿಯ ಗಂಟು ಬಿಚ್ಚುತ್ತ ನನ್ನ ಕೈಯ ಬಾಟಲಿ ನೋಡಿದರು.

"ಮಾವಿನಕಾಯಿದೇನಪ? ಒಂದ್ ಹೋಳು ಹಾಕು ಇತ್ತ."

"ಬ್ಯಾಡಬೇ, ಅದು ಸರಿ ಐತೋ ಇಲ್ಲೋ..."

"ಏ, ಹಾಕಪ. ಬರೀ ರೊಟ್ಟಿ ಹೆಂಗ ತಿನ್ನಾಕ ಬರತೈತಿ?"

ಡಾಕ್ಟರ ಮಾತು ಕೇಳಿದ್ದರೂ ಹುಡುಕಿ ಸಣ್ಣದೊಂದು ಹೋಳನ್ನೇ ಹಾಕಿದೆ. ಮುದುಕಿ ಹೋಳನ್ನು ಚೀಪಿ, ವಾಟೆ ಕಡಿದು, ರೊಟ್ಟಿ ಮುಗಿಸಿದರು. "ಸಾಸಿವಿ ಮುಂದಾಗೈತಿ" ಎಂದು ಇನ್ನೊಂದು ಹೋಳು ಕೇಳಿದರು. ಒಂದು ಕಣ್ಣು ಹೆಂಡತಿಯ ಮೇಲೆ, ಇನ್ನೊಂದು ಮುದುಕಿಯ ಮೇಲೆ ಇಟ್ಟು ಸ್ಟೂಲಿನಲ್ಲಿ ಕೂತಿದ್ದೆ. ಅವರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

ಕತ್ತಲಾಗುವ ಹೊತ್ತಿಗೆ ಹೆಂಡತಿಯ ನೋವು ದೂರ ದೂರವಾಗಿ, ಆಮೇಲೆ ನಿಂತೇಹೋಯಿತು. ಅವಳು ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಕೂಸು ಒದೆಯಿತು. ಆಗ ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ಅತ್ತ ತಿರುಗಿ ಕೂತರು. ನಮ್ಮ ಮಗಳು ಮಳೆಗಾಲದಲ್ಲಿ ದಿನ ತುಂಬಿಯೇ ಹುಟ್ಟಿದಳು.

ಆದರೆ ಅದಕ್ಕೂ ಮೊದಲು, ಆ ಸಲ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಹೆಂಡತಿ ಮತ್ತೆ ಉಪ್ಪಿನಕಾಯಿ ಬಡಿಸಿ ಎಂದಳು. ಪಕ್ಕದಲ್ಲಿ ದೊಡ್ಡ ತಂಬಿಗೆಯ ತುಂಬ ನೀರಿಟ್ಟು, ಚೂರೇ ಚೂರು ಬಡಿಸಿ ಎದುರಿಗೆ ಕೂತೆ. ಅವಳು ತುತ್ತು ಕೆಳಗಿಟ್ಟಳು.

"ನೀವು ಹಿಂಗ ಬಾಯಿ ನೋಡ್ಕೋಂತ ಕುಂತ್ರ ನಾ ಹೆಂಗ ನುಂಗ್ಲಿರಿ?"

ಎದ್ದು ಅಂಗಳಕ್ಕೆ ಹೋದೆ. ಅವಳು ಉಂಡು ಕೈ ತೊಳೆದ ಸದ್ದು ಕೇಳುವವರೆಗೂ ಒಳಗೆ ಬರಲಿಲ್ಲ.