ಮೂರು ತಿಂಗಳು ತುಂಬುವ ಮೊದಲು

ನಾನು ಹುಟ್ಟಾ ಪುಕ್ಕಲಿ. ಲಿಫ್ಟು ಎರಡು ಮಹಡಿಗಳ ನಡುವೆ ಒಂದು ಗಳಿಗೆ ತಡೆದರೂ ಬಾಯಿಗೆ ಮನೆದೇವರ ಹೆಸರು ಬರುತ್ತದೆ. ದುಬೈಗೆ ಬಂದು ಆರು ವರ್ಷವಾದರೂ ಮರುಭೂಮಿ ಸಫಾರಿಗೆ ಹೋಗದೆ ಉಳಿದದ್ದು ಅದಕ್ಕೇ. ಊರಿನಿಂದ ಯಾರೇ ಬರಲಿ, ತೋರಿಸಲೇಬೇಕಾದ ಪಟ್ಟಿಯೊಂದು ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಎತ್ತರದ ಕಟ್ಟಡ, ದೊಡ್ಡ ಮಾಲ್, ಅಬುಧಾಬಿಯ ಬಿಳಿ ಮಸೀದಿ, ಕೊನೆಗೆ ಮರಳಿನ ದಿಬ್ಬಗಳ ಮೇಲೆ ಗಾಡಿ ಹಾರಿಸುವ ಸಫಾರಿ. ಮೊದಲ ಮೂರಕ್ಕೆ ನಾನೂ ಜೊತೆಗೆ ಹೋಗುತ್ತಿದ್ದೆ. ಸಫಾರಿಯ ದಿನ ಗಂಡನನ್ನು ಕಳಿಸಿ ಮನೆಯಲ್ಲಿ ಸಾರು ಕುದಿಸುತ್ತಿದ್ದೆ.

ಆ ಡಿಸೆಂಬರ್‌ನಲ್ಲಿ ಉಡುಪಿಯಿಂದ ಅತ್ತೆ ಮಾವ ವಿಸಿಟ್ ವೀಸಾದ ಮೇಲೆ ಬಂದಿದ್ದರು. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಅವರು ಬೆಡ್‌ರೂಮಿನಲ್ಲಿ, ನಾವು ಹಾಲಿನ ಸೋಫಾದಲ್ಲಿ. ಅತ್ತೆ ನಿವೃತ್ತ ಶಾಲಾ ಟೀಚರ್. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಜೋರಾಗಿ ಓದುವುದು ಅವರ ಅಭ್ಯಾಸ, ಶಾಂಪೂ ಬಾಟಲಿಯನ್ನೂ ಬಿಡುತ್ತಿರಲಿಲ್ಲ. ಮಾವನದು ಮಾತು ಕಡಿಮೆ. ಬಂದ ವಾರದಲ್ಲೇ ಕೆಳಗಿನ ಅಂಗಡಿಯವರಿಂದ ಹೊರಡು ಅನ್ನಲು ಯಲ್ಲಾ, ಸಾಕು ಅನ್ನಲು ಖಲಾಸ್, ಇಲ್ಲ ಅನ್ನಲು ಮಾಫಿ ಅಂತ ಮೂರು ಅರಬ್ಬಿ ಮಾತು ಕಲಿತು ಬಂದು, ಊಟಕ್ಕೆ ಕುಳಿತಾಗ "ಸಾಂಬಾರ್ ಮಾಫಿಯಾ?" ಅಂತ ಕೇಳುತ್ತಿದ್ದರು. ಅವರ ಉತ್ಸಾಹ ನೋಡಿ, ಈ ಸಲ ನಾನೂ ಸಫಾರಿಗೆ ಬರುತ್ತೇನೆ ಅಂತ ಬಾಯಿಬಿಟ್ಟು ಒಪ್ಪಿದ್ದೆ.

ಒಪ್ಪಿದ ನಾಲ್ಕನೆಯ ದಿನ ಆಫೀಸಿನ ಟಾಯ್ಲೆಟ್ಟಿನಲ್ಲಿ ಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದವು. ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೆದರಿಕೆಯಾಯಿತು. ಅದು ಮೂರನೆಯ ಸಲ.

ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹಾಕುವುದಿಲ್ಲ, ಕಣ್ಣು ತಾಗುತ್ತದೆ ಅನ್ನುತ್ತಾರೆ. ಮೊದಲ ಸಲ ನಾವು ಹೇಳಿದ್ದು ಅತ್ತೆಗೆ ಮಾತ್ರ. ಅವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಎರಡೇ ದಿನದಲ್ಲಿ ಮುಂಬೈಯಿಂದ ಮಸ್ಕತ್‌ವರೆಗಿನ ನೆಂಟರೆಲ್ಲ ಫೋನ್ ಮಾಡಿ ಹುಳಿ ತಿನ್ನು, ಪಪ್ಪಾಯಿ ಮುಟ್ಟಬೇಡ ಅಂದರು. ಒಂಬತ್ತನೆಯ ವಾರ ಎಲ್ಲ ಮುಗಿಯಿತು. ಹರಸಿದ ಅದೇ ಬಾಯಿಗಳು ಮತ್ತೆ ಒಂದೊಂದಾಗಿ ಫೋನ್ ಮಾಡಿ ಸಮಾಧಾನ ಹೇಳಿದವು. ಎರಡನೆಯ ಸಲವೂ ಅದೇ ಕಥೆ. ಕಳೆದುಕೊಂಡ ದುಃಖವನ್ನು ಹೇಗೋ ನುಂಗಿದೆ. ಕಳೆದುಕೊಂಡೆ ಅಂತ ಮೂವತ್ತು ಜನರಿಗೆ ಹೇಳಬೇಕಾಗಿ ಬಂದದ್ದನ್ನು ನುಂಗಲು ಆಗಲಿಲ್ಲ. ನಿಜ ಹೇಳಬೇಕೆಂದರೆ, ಅತ್ತೆಯ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಕಣ್ಣು ತಾಗುವುದನ್ನೆಲ್ಲ ನಾನು ನಂಬುವವಳಲ್ಲ, ಆದರೆ ಇವರು ಬಾಯಿ ಮುಚ್ಚಿಕೊಂಡಿದ್ದರೆ ಆ ಮಗು ಉಳಿಯುತ್ತಿತ್ತೇನೋ ಅನ್ನುವ ಮೂಢ ಯೋಚನೆ ಮಾತ್ರ ಹೋಗುತ್ತಿರಲಿಲ್ಲ. ಹಾಗಾಗಿ ಈ ಸಲ ನಾನು, ಗಂಡ, ಡಾಕ್ಟರು, ಇಷ್ಟೇ ಜನರಿಗೆ ಗೊತ್ತಿರಬೇಕು ಅಂತ ತೀರ್ಮಾನಿಸಿದೆವು. ನನ್ನ ಅಮ್ಮನಿಗೂ ಹೇಳಲಿಲ್ಲ. ಡಾಕ್ಟರ ಬಳಿ ಹೋಗಲು ಮುಂದಿನ ವಾರ ಸಮಯ ಸಿಕ್ಕಿತ್ತು, ಸಫಾರಿ ಅದಕ್ಕಿಂತ ಮೂರು ದಿನ ಮೊದಲು.

ಹಿಂದಿನ ದಿನವೇ ನಾನು ತಲೆನೋವಿನ ನಾಟಕ ಶುರು ಮಾಡಿದೆ. ಯಾರೂ ನಂಬಲಿಲ್ಲ. ಪುಕ್ಕಲಿ ಅಂತ ಹೆಸರು ಬಿದ್ದವಳ ಹೆದರಿಕೆಗೆ ಮನೆಯಲ್ಲಿ ಬೆಲೆ ಎಲ್ಲಿ?

"ಎಂತ ಆಗುದಿಲ್ಲ ಮಾರಾಯ್ತಿ, ಸಣ್ಣ ಮಕ್ಕಳೇ ಹೋಗ್ತಾರಂತೆ" ಅಂದರು ಅತ್ತೆ. "ನೀನು ಬರುದಿಲ್ಲಾಂತಾದ್ರೆ ನಾನೂ ಇಲ್ಲೇ ಕೂತ್ಕೊಳ್ತೇನೆ."

ಮಾವ ಹೊಸ ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಅತ್ತೆ ಇಲ್ಲದೆ ಅವರು ಹೊಸ್ತಿಲು ದಾಟುವವರಲ್ಲ. ಅಡುಗೆಮನೆಯಲ್ಲಿ ಗಂಡ ನನ್ನ ಕಿವಿಯ ಹತ್ತಿರ ಬಂದು, ಡ್ರೈವರಿಗೆ ನಿಧಾನ ಹೋಗಲು ಹೇಳುತ್ತೇನೆ, ದಿಬ್ಬ ಶುರುವಾಗುವಲ್ಲಿ ಏನಾದರೂ ನೆಪ ಹೇಳಿ ಇಳಿದುಬಿಡು ಅಂದರು. ಆಗ ಅದು ದೊಡ್ಡ ಉಪಾಯದಂತೆ ಕಂಡಿತು.

ಬೆಳಗ್ಗೆ ಎಂಟಕ್ಕೆ ಗಾಡಿ ಬಂತು. ಡ್ರೈವರ್ ಪೇಶಾವರದ ಕಡೆಯ ಹಿರಿಯ, ನರೆತ ಗಡ್ಡ, ನಗುಮುಖ. ಮುಂದೆ ಅವನ ಪಕ್ಕದಲ್ಲಿ ನನ್ನ ಗಂಡ. ಹಿಂದೆ ಡ್ರೈವರನ ಬೆನ್ನಿಗೆ ಮಾವ, ಆಚೆ ಕಿಟಕಿಗೆ ಅತ್ತೆ, ನಡುವೆ ನಾನು. ಊರು ಹಿಂದೆ ಬಿದ್ದು, ವಿದ್ಯುತ್ ತಂತಿಗಳೂ ಕಡಿಮೆಯಾಗಿ, ಮುಕ್ಕಾಲು ಗಂಟೆಯ ಮೇಲೆ ರಸ್ತೆ ಬದಿಯ ಮರಳು ಕೆಂಪಗಾಯಿತು. ಹತ್ತಾರು ಗಾಡಿಗಳೂ ಒಂದು ಸಣ್ಣ ಅಂಗಡಿಯೂ ಇದ್ದ ಬಯಲಿನಲ್ಲಿ ಅವನು ನಿಲ್ಲಿಸಿ, ಟೈರುಗಳ ಗಾಳಿ ಬಿಡತೊಡಗಿದ. ಗಾಳಿ ಕಡಿಮೆಯಿದ್ದರೆ ಗಾಡಿ ಮರಳಿನಲ್ಲಿ ಹೂತುಹೋಗುವುದಿಲ್ಲವಂತೆ. ಆ ಬುಸ್ಸೆನ್ನುವ ಸದ್ದಿಗೇ ನನ್ನ ಬಾಯಿಗೆ ಮನೆದೇವರ ಹೆಸರು ಬಂತು.

ನಾನು ಇಳಿಯುವವಳಿದ್ದೆ. ವಾಂತಿ ಬರುತ್ತದೆ, ಇಲ್ಲೇ ಅಂಗಡಿಯ ಹತ್ತಿರ ಕೂತಿರುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಡ್ರೈವರ್, ನಾವು ಈ ದಾರಿಯಲ್ಲಿ ವಾಪಸ್ಸು ಬರುವುದಿಲ್ಲ, ಸಫಾರಿ ಮುಗಿಯುವ ಕ್ಯಾಂಪು ದಿಬ್ಬಗಳ ಆಚೆ ಇದೆ ಅಂತ ಹಿಂದಿಯಲ್ಲಿ ಹೇಳಿ, ರಟ್ಟಿಗೆ ಸಿಕ್ಕಿಸಿದ ಒಂದು ಕಾಗದವನ್ನು ಹಿಂದಕ್ಕೆ ಚಾಚಿದ. ಎಲ್ಲರೂ ತುಂಬಿ ಸಹಿ ಹಾಕಬೇಕಿತ್ತು. ಅತ್ತೆ ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದಾಗಿ ಓದಿ ನನ್ನ ಕೈಯಲ್ಲಿ ಗುರುತು ಹಾಕಿಸಿದರು. ಹೃದಯದ ಕಾಯಿಲೆ ಇದೆಯೇ, ಇಲ್ಲ. ಬೆನ್ನಿನ ಆಪರೇಷನ್ ಆಗಿದೆಯೇ, ಇಲ್ಲ. ಕೊನೆಯ ಸಾಲಿಗೆ ಬಂದಾಗ ಅವರ ದನಿ ಇಳಿಯಿತು.

"ಗರ್ಭಿಣಿಯಾ ಅಂತ ಕೇಳ್ತಾರೆ" ಅಂದರು. ಒಂದು ಉಸಿರು ಬಿಟ್ಟು, ಕಿಟಕಿಯಾಚೆ ನೋಡುತ್ತ, "ಅದಕ್ಕೂ ಯೋಗ ಬೇಕಲ್ಲ" ಅಂದರು.

ಅದರಲ್ಲಿ ಕೊಂಕು ಇರಲಿಲ್ಲ, ಈಗ ಗೊತ್ತು. ಆದರೆ ಆ ಹೊತ್ತಿಗೆ ನನ್ನ ಮೈಯೆಲ್ಲ ಉರಿಯಿತು. ಪೆನ್ನು ಒತ್ತಿ, ಕಾಗದ ಹರಿಯುವಷ್ಟು ಒತ್ತಿ, ಇಲ್ಲ ಅನ್ನುವ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಮುಂದಿನ ಸೀಟಿನಿಂದ ಗಂಡ ತಿರುಗಿ ನೋಡಿದರು. ನಾನು ಕಣ್ಣಲ್ಲೇ ಸುಮ್ಮನಿರಿ ಅಂದೆ. ಇವರು ನಿಜವಾಗಿಯೂ ಸುಮ್ಮನಾದರು. ಆ ವಿಷಯಕ್ಕೆ ನಮ್ಮಿಬ್ಬರಲ್ಲಿ ಇವತ್ತಿಗೂ ಜಗಳವಾಗುತ್ತದೆ.

"ಯಲ್ಲಾ!" ಅಂದರು ಮಾವ.

ಮೊದಲ ದಿಬ್ಬವನ್ನು ಗಾಡಿ ಮೆಲ್ಲಗೆ ಹತ್ತಿತು. ಗಂಡ ಹೇಳಿದಂತೆ ಡ್ರೈವರ್ ನಿಧಾನವೇ ಹೋಗುತ್ತಿದ್ದ, ಆದರೆ ಅವನ ನಿಧಾನವೇ ಬೇರೆ, ನನ್ನ ನಿಧಾನವೇ ಬೇರೆ. ತುದಿಗೆ ಬಂದಾಗ ಮುಂದಿನ ಗಾಜಿನಲ್ಲಿ ಆಕಾಶ ಬಿಟ್ಟರೆ ಏನೂ ಕಾಣಲಿಲ್ಲ. ಮರುಕ್ಷಣ ಮೂಗು ಕೆಳಗಾಗಿ ಇಡೀ ಗಾಡಿ ಜಾರಿತು. ಎಲ್ಲರೂ ಕಿರುಚಿ ನಕ್ಕರು. ನನ್ನ ಸೊಂಟದ ಬೆಲ್ಟು ಸರಿಯಾಗಿ ಕಿಬ್ಬೊಟ್ಟೆಯ ಮೇಲೆ ಬಿಗಿದಿತ್ತು. ದುಪಟ್ಟಾದ ಕೆಳಗೆ ಕೈ ತೂರಿಸಿ, ಬೆಲ್ಟಿಗೂ ಹೊಟ್ಟೆಗೂ ನಡುವೆ ಅಂಗೈ ಇಟ್ಟುಕೊಂಡೆ. ಅಂಗೈ ಅಡ್ಡ ಇಟ್ಟರೆ ಏನು ಪ್ರಯೋಜನ ಅಂತ ಯಾರಾದರೂ ಕೇಳಬಹುದು. ಬೇರೆ ಏನಿತ್ತು ನನ್ನ ಬಳಿ?

ಎರಡನೆಯ ದಿಬ್ಬ. ಮೂರನೆಯದು. ಗಾಡಿ ಒಂದು ಕಡೆಗೆ ಎಷ್ಟು ವಾಲಿತೆಂದರೆ ಅತ್ತೆ ಪೂರ್ತಿ ನನ್ನ ಮೇಲೆ ಬಿದ್ದರು. ಅವರ ಮೊಣಕೈ ನನ್ನ ಪಕ್ಕೆಗೆ ಚುಚ್ಚಿತು. ಗಾಜಿಗೆ ಮರಳು ಮಳೆಯ ಹಾಗೆ ಬಡಿಯುತ್ತಿತ್ತು. ಆಗ, ಕಿಬ್ಬೊಟ್ಟೆಯ ಎಡಬದಿಯಲ್ಲಿ, ದಾರ ಎಳೆದಂತೆ ಸಣ್ಣ ನೋವು ಬಂತು. ಆ ನೋವು ನನಗೆ ಗೊತ್ತಿದ್ದ ನೋವು. ಎರಡು ಸಲವೂ ಅದು ಹಾಗೇ ಶುರುವಾಗಿತ್ತು.

"ನಿಲ್ಸಿ! ನಾನು ಬಸ್ರಿ, ಗಾಡಿ ನಿಲ್ಸಿ!"

ಹೇಳಿದ್ದು ಕನ್ನಡದಲ್ಲಿ. ಡ್ರೈವರಿಗೆ ಏನೂ ತಿಳಿಯಲಿಲ್ಲ, ಮಜಾ ಬಂದು ಕೂಗುತ್ತಿದ್ದಾಳೆ ಅಂತ ಮುಂದಿನ ದಿಬ್ಬಕ್ಕೆ ಗಾಡಿ ಏರಿಸಿದ. ಗಂಡ ಹಿಂದಿಯಲ್ಲಿ ಏನೋ ತೊದಲುವಷ್ಟರಲ್ಲಿ, ಜನ್ಮದಲ್ಲಿ ದನಿ ಎತ್ತದ ಮಾವ ಎರಡೂ ಕೈಯಿಂದ ಡ್ರೈವರನ ಸೀಟಿನ ಬೆನ್ನಿಗೆ ಬಡಿಯತೊಡಗಿದರು.

"ಖಲಾಸ್! ಖಲಾಸ್! ಖಲಾಸ್!"

ಗಾಡಿ ದಿಬ್ಬದ ನಡುವೆಯೇ ನಿಂತಿತು. ಗಂಡ ವಿಷಯ ಹೇಳಿದಾಗ ಡ್ರೈವರನ ಮುಖದ ನಗು ಬತ್ತಿಹೋಯಿತು. ಅವನು ಕಾಗದ ತೆಗೆದು ನನ್ನ ಗುರುತನ್ನು ಬೆರಳಿಟ್ಟು ತೋರಿಸಿದ. ಮೇಡಂ, ನೀವೇ ಇಲ್ಲ ಅಂತ ಬರೆದಿದ್ದೀರಿ, ನನಗೂ ಮೂವರು ಹೆಣ್ಣುಮಕ್ಕಳಿದ್ದಾರೆ, ಹೇಳಿದ್ದರೆ ರಸ್ತೆಯಲ್ಲೇ ಕ್ಯಾಂಪಿಗೆ ಕಳಿಸುತ್ತಿರಲಿಲ್ಲವೇ ಅಂದ. ಆಮೇಲೆ ಅವನು ದಿಬ್ಬಗಳನ್ನು ಬಿಟ್ಟು ತಗ್ಗಿನಲ್ಲೇ ದಾರಿ ಹುಡುಕುತ್ತ, ಸಂದೇಹ ಬಂದಲ್ಲಿ ಇಳಿದು ಮರಳನ್ನು ಕಾಲಿನಿಂದ ಒತ್ತಿ ನೋಡುತ್ತ, ಎತ್ತಿನ ಗಾಡಿಯಷ್ಟು ಮೆಲ್ಲಗೆ ನಮ್ಮನ್ನು ಕರೆದುಕೊಂಡು ಹೋದ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅತ್ತೆ ಆ ಕಾಗದವನ್ನು ಮಡಿಲಲ್ಲಿಟ್ಟು ನನ್ನ ಗುರುತನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಬೆಳಗಿನ ಹೊತ್ತು ಕ್ಯಾಂಪಿನಲ್ಲಿ ಜನರಿರಲಿಲ್ಲ. ಬೇಲಿಯೊಳಗೆ ಸುತ್ತಿಟ್ಟ ರತ್ನಗಂಬಳಿ, ಎರಡು ಒಂಟೆ, ಮೂಲೆಯಲ್ಲಿ ತಗಡಿನ ಟಾಯ್ಲೆಟ್ಟು. ನಾನು ನೇರ ಅಲ್ಲಿಗೆ ಹೋದೆ. ಚಿಲಕ ಹಾಕಿದ ಮೇಲೂ ನೋಡಲು ಧೈರ್ಯ ಬರಲಿಲ್ಲ. ಗೋಡೆಗೆ ಒರಗಿ, ಹೊಟ್ಟೆಯೊಳಗಿನ ಮಗುವಿನ ಹತ್ತಿರ ಮಾತಾಡಿದೆ. ಕಾಗದದ ಮೇಲೆ ನಿನ್ನನ್ನು ಇಲ್ಲ ಅಂದೆ, ಗಾಡಿಯಲ್ಲಿ ಇದ್ದೀಯೆ ಅಂತ ಕೂಗಿದೆ. ಯಾವುದನ್ನು ಕೇಳಿಸಿಕೊಂಡೆ ನೀನು ಅಂತ ಕೇಳಿದೆ. ಆಮೇಲೆ ನೋಡಿದೆ. ಒಂದು ಕಲೆ ಇತ್ತು. ಕಾಸಿನಗಲ, ಕಂದು ಬಣ್ಣ.

ಬಾಗಿಲು ತೆರೆದಾಗ ಅತ್ತೆ ಹೊರಗೆ ನಿಂತಿದ್ದರು. ಸಣ್ಣ ಕಲೆ ಇದೆ ಅಂದೆ. ಅವರು ಟಾಯ್ಲೆಟ್ಟಿನ ತಗಡನ್ನು ಹಿಡಿದುಕೊಂಡರು.

"ಎಷ್ಟು ದಿನ ಆಯ್ತು?"

"ಮುಟ್ಟು ತಪ್ಪಿ ಹನ್ನೆರಡು ದಿನ."

"ನಂಗೆ ಹೇಳ್ಲಿಕ್ಕೆ ಹೆದರಿದ್ಯಾ?"

"ಹೌದು" ಅಂದೆ. ಆ ಒಂದು ಮಾತಿನಲ್ಲಿ ಎರಡು ವರ್ಷದ ಸಿಟ್ಟು ಇತ್ತು. ಅವರಿಗೆ ಅದು ಕೇಳಿಸಿತು.

ಆಮೇಲೆ ಏನಾಯಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಓದುವವರನ್ನು ಕಾಯಿಸುವ ಮನಸ್ಸಿಲ್ಲ, ಕಾಯುವುದು ಏನೆಂದು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ಎದೆಬಡಿತ ಕಾಣುವ ಹೊತ್ತು ಇನ್ನೂ ಆಗಿಲ್ಲ, ಇಂಥ ಕಲೆ ಸುಮಾರು ಜನರಿಗೆ ಆಗುತ್ತದೆ, ಹತ್ತು ದಿನ ಬಿಟ್ಟು ಬನ್ನಿ ಅಂದರು. ಗಾಡಿಯಿಂದಾಯಿತೇ ಅಂತ ಕೇಳಿದ್ದಕ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹತ್ತು ದಿನ ಮಲಗಿಕೊಂಡು ಚಾವಣಿ ನೋಡಿದೆ. ಹನ್ನೊಂದನೆಯ ದಿನ ಪರದೆಯ ಮೇಲೆ ಅದು ಮಿಡಿಯುತ್ತಿತ್ತು. ಆ ಮಿಡಿತ ಈಗ ಒಂದನೆಯ ತರಗತಿಗೆ ಹೋಗುತ್ತದೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತದೆ.

ಆದರೆ ಆ ಬೆಳಗ್ಗೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಲೆ ಮಾತ್ರ. ರಸ್ತೆಗೆ ಇಳಿಯಬೇಕಾದರೆ ಟೈರುಗಳಿಗೆ ಮತ್ತೆ ಗಾಳಿ ತುಂಬಬೇಕು; ಡ್ರೈವರ್ ಪಂಪು ಹಚ್ಚಿ ಒಂದೊಂದೇ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಹತ್ತು ನಿಮಿಷ ಅಂದ. ನಾನು ಗಾಡಿಯ ನೆರಳಿನಲ್ಲಿ ನಿಂತು ಅಲುಗಾಡಲೂ ಹೆದರುತ್ತಿದ್ದೆ.

ಅತ್ತೆ ನೆಲ ನೋಡುತ್ತ ಓಡಾಡುತ್ತಿದ್ದರು. ಏನು ಬಿದ್ದುಹೋಯಿತು ಅಂತ ಗಂಡ ಕೇಳಿದರು. ಡ್ರೈವರ್ ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿದಾಗ ಅವನ ಚಪ್ಪಲಿಯ ಗುರುತಿನಿಂದ ಒಂದು ಚಿಟಿಕೆ ಮರಳು ತೆಗೆದರು. ಮಾವ ನಿಂತಿದ್ದಲ್ಲಿಂದ ಒಂದು ಚಿಟಿಕೆ. ಮಗನ ಬೂಟಿನ ಗುರುತಿನಿಂದ ಒಂದು ಚಿಟಿಕೆ. ಆಗ ನನಗೆ ಅರ್ಥವಾಯಿತು. ಉಪ್ಪು ಮೆಣಸು ಇಲ್ಲದ ಕಡೆ, ಯಾರ ಕಣ್ಣು ತಾಗಿದೆಯೋ ಅವರ ಹೆಜ್ಜೆಯ ಮಣ್ಣು ತೆಗೆದು ನಿವಾಳಿಸುತ್ತಾರೆ. ಸುದ್ದಿ ಕೇಳಿಸಿಕೊಂಡವರ ಹೆಜ್ಜೆಗಳನ್ನು ಅವರು ಒಂದೊಂದಾಗಿ ಹುಡುಕುತ್ತಿದ್ದರು.

ಕೊನೆಗೆ ಅವರು ಟಾಯ್ಲೆಟ್ಟಿನ ಬಾಗಿಲಿನವರೆಗೆ ವಾಪಸ್ಸು ಹೋದರು. ನನಗಾಗಿ ಕಾದು ನಿಂತ ಜಾಗದಲ್ಲಿ ಎರಡು ಹೆಜ್ಜೆ ಆಳವಾಗಿ ಮೂಡಿದ್ದವು. ಅಲ್ಲಿ ಅವರು ಚಿಟಿಕೆ ತೆಗೆಯಲಿಲ್ಲ. ಮೊಣಕಾಲೂರಿ ಕುಳಿತು, ಕೈ ತುಂಬ, ಬೆರಳ ಸಂದಿಯಿಂದ ಸುರಿಯುವಷ್ಟು ಬಾಚಿಕೊಂಡು ಬಂದರು.

"ಅತ್ತೆ, ಅದು ನಿಮ್ಮದೇ ಹೆಜ್ಜೆ" ಅಂದೆ.

"ಗೊತ್ತುಂಟು" ಅಂದರು. "ನಿಲ್ಲು, ಅಲ್ಲಾಡ್ಬೇಡ."

ನನ್ನ ತಲೆಯಿಂದ ಕಾಲಿನವರೆಗೆ ಮೂರು ಸಲ ಮುಷ್ಟಿ ಇಳಿಸಿದರು. ಆ ಮರಳನ್ನು ಬೇಲಿಯಾಚೆ ಚೆಲ್ಲಿ, ಹಿಂದೆ ತಿರುಗಿ ನೋಡದೆ ನನ್ನ ಪಕ್ಕಕ್ಕೆ ಬಂದು ನಿಂತರು.